ಕಡ್ಲಿ ಹುಳಿಯ ಚಳಿಗಾಲ

ಆಗೆಲ್ಲ ನಾಳಿನ ಹವಾಮಾನ ಗೊತ್ತಾಗಬೇಕಾದರೆ ನಮ್ಮ ಮನೆಯಲ್ಲಿ ನನ್ನನ್ನೇ ಕೇಳಬೇಕಿತ್ತು. ನನಗೆ ಒಂಬತ್ತು ವರ್ಷ. ಅಪ್ಪನ ತಾಯಿಗೆ, ಅಂದರೆ ನಮ್ಮ ಆಯಿಗೆ, ಕಣ್ಣು ಮಂಜಾಗಿದ್ದವು. ದೀಪ ಹಚ್ಚಿದ ಮೇಲೆ ಕಟ್ಟೆಯ ಮೇಲೆ ಕೂತು ದಿನಾ ಕೇಳುತ್ತಿದ್ದಳು:

"ಚಿಕ್ಕಿ ಕಾಣಸ್ತಾವೇನ ಬೇ?"

ಚಿಕ್ಕಿ, ಅಂದರೆ ನಕ್ಷತ್ರ, ತುಂಬಿದ್ದರೆ ನಾಳೆ ಚಳಿ, ಇಬ್ಬನಿ. ಮೋಡವಿದ್ದರೆ ಎರಡೂ ಇಲ್ಲ. ಮುಂದಿನ ವಾರಗಳ ಹೊಣೆ ಮಾತ್ರ ಆಯಿಯದು. "ಎಳ್ಳಮಾಸಿ ತನಕ ಕಡಕ್ ಥಂಡಿ. ಆಮ್ಯಾಲ ಶಿವರಾತ್ರಿಗೆ ಶಿವ ಶಿವಾ ಅಂತ ಹೊಕ್ಕೈತಿ," ಎನ್ನುತ್ತಿದ್ದಳು. ಮಾತು ತಪ್ಪಿದರೆ ಬೈಗುಳ ಚಳಿಗೆ.

ಆ ವರ್ಷ ಅನಗವಾಡಿಯ ನಮ್ಮ ಹೊಲದಲ್ಲಿ ಕಡಲೆ ಇತ್ತು. ಕಡಲೆ ಎಲೆಯ ಮೇಲೆ ಹುಳಿ ಇರುತ್ತದೆ. ಇಬ್ಬನಿ ಬಿದ್ದ ನಸುಕಿನಲ್ಲಿ ಗಿಡಗಳ ಮೇಲೆ ತೆಳು ಬಟ್ಟೆ ಎಳೆದು, ಹಿಂಡಿ, ಬಾಟಲಿಗೆ ತುಂಬಬೇಕು. ಅಪ್ಪನ ಹಳೆಯ ಧೋತರದ ಒಂದೊಂದು ತುದಿ ಹಿಡಿದು ಆಯಿ ಮತ್ತು ನಾನು ಸಾಲು ಸಾಲು ನಡೆಯುತ್ತಿದ್ದೆವು. ಹಿಂಡುವ ಹೊತ್ತಿಗೆ ಬೆರಳು ಮರಗಟ್ಟಿರುತ್ತಿದ್ದವು. ಆಮೇಲೆ ಬದುವಿನಲ್ಲಿ ಹಸಿಕಡ್ಲಿ ಸುಟ್ಟು ಕೊಡುತ್ತಿದ್ದಳು. ಅದು ನನ್ನ ಪಗಾರ.

ಹುಳಿ ಅವ್ವನಿಗೆ. ಅವಳು ಹಾಸಿಗೆ ಹಿಡಿದಿದ್ದಳು. ಜಮಖಂಡಿ ದವಾಖಾನೆಯ ಔಷಧ ನಡೆದಿತ್ತು. ಆದರೆ ಒಂದು ಚಮಚ ಹುಳಿ ನಾಲಿಗೆಗೆ ಮುಟ್ಟಿದರೆ ಮಾತ್ರ ನಾಲ್ಕು ತುತ್ತು ನುಚ್ಚು ಒಳಗೆ ಇಳಿಯುತ್ತಿತ್ತು. ಬಾಟಲಿ ತಳ ಕಾಣುತ್ತಿತ್ತು.

ಅಂದು ನನ್ನ ಬೆರಳು ಬಿರಿದು ಊದಿದ್ದವು. ಸಂಜೆ ಆಯಿ ಎಂದಿನಂತೆ ಕೇಳಿದಳು. ಆಕಾಶದ ತುಂಬ ಚಿಕ್ಕಿ.

"ಇಲ್ಲ ಬೇ ಆಯಿ, ಮೋಡ ಹಾಕೇತಿ," ಎಂದೆ.

"ಹೋಗ್ಲಿ ಬಿಡು. ನಾಡದ ಹೋಗೂಣು."

ಮರುದಿನ ಬೆಳಿಗ್ಗೆ ಪಡಸಾಲೆಯಲ್ಲಿ ಕೌದಿಯೊಳಗಿಂದ ನೋಡಿದೆ. ಆಯಿ ಅಂಗಳದ ಒಗೆಯುವ ಕಲ್ಲನ್ನು ಅಂಗೈಯಿಂದ ಸವರುತ್ತಿದ್ದಳು. ಇಬ್ಬನಿಗೆ ತೊಯ್ದ ಕೈಯನ್ನು ಸೀರೆಗೆ ಒರೆಸಿಕೊಂಡು ಒಳಗೆ ಹೋದಳು.

ಸಂಜೆ ಮತ್ತೆ ಕೇಳಿದಳು. ಈ ಸಲ ನಿಜವಾಗಿಯೂ ಮೋಡ ಕವಿದಿತ್ತು.

"ಇಲ್ಲ ಬೇ ಆಯಿ, ಮೋಡ ಹಾಕೇತಿ."

"ಖರೇನ?"

"ಖರೇನ, ಆಯಿ."

ಆಯಿ ಎದ್ದು ಅಂಗಳದ ನಡುವೆ ಹೋಗಿ ನಿಂತು, ಆ ಮಂಜುಗಣ್ಣುಗಳಿಂದ ತಾನೇ ಬಹಳ ಹೊತ್ತು ಮೇಲೆ ನೋಡಿದಳು.

ಮೋಡ ಎಂಟು ದಿನ ಬಿಡಲಿಲ್ಲ. ಕಡಲೆಗೆ ಕೀಡೆ ಬಿತ್ತು. ಬಾಟಲಿ ಬರಿದಾದ ದಿನ ಅವ್ವ, "ಹುಳಿ ಐತೇನ ಮಗಾ?" ಎಂದಳು. ಇಲ್ಲವೆಂದು ತಲೆಯಾಡಿಸಿದೆ. ಎಳ್ಳಮಾಸಿ ಅಮಾವಾಸ್ಯೆಗೆ ಮೊದಲೇ ಅವಳು ಹೋದಳು. ಒಂದು ಬಾಟಲಿ ಹುಳಿಯಿಂದ ಅವ್ವ ಉಳಿಯುತ್ತಿರಲಿಲ್ಲ, ಗೊತ್ತು. ಇನ್ನೂ ನಾಲ್ಕು ತುತ್ತು ಉಣ್ಣುತ್ತಿದ್ದಳು, ಅದೂ ಗೊತ್ತು. ಮನೆ ತುಂಬ ಜನ ಅಳುತ್ತಿದ್ದರು. ನನಗೆ ಅಳು ಬರಲೇ ಇಲ್ಲ. ಎದೆಯೂ ಬೆರಳಿನ ಹಾಗೆ ಮರಗಟ್ಟಿತ್ತು.

ಈಗ ಆ ಹೊಲದಲ್ಲಿ ಕಬ್ಬು. ಬರುವ ಹದಿನೈದು ದಿನದ ಚಳಿಯನ್ನು ಮೊಬೈಲ್ ಹೇಳುತ್ತದೆ. ಆದರೂ ಬನಹಟ್ಟಿಯ ನನ್ನ ಮನೆಯ ಮಾಳಿಗೆ ಹತ್ತಿ ಒಮ್ಮೆ ಆಕಾಶ ನೋಡಿ ಬರುತ್ತೇನೆ.

ಆಯಿ ಆಮೇಲೆ ಹನ್ನೊಂದು ಚಳಿಗಾಲ ಬದುಕಿದಳು. ಬೈದಿದ್ದರೆ ಹಗುರಾಗುತ್ತಿದ್ದೆ, ಬೈಯಲಿಲ್ಲ. ಚಿಕ್ಕಿ ಕಾಣಿಸುತ್ತವೆಯೇ ಎಂದು ಮಾತ್ರ ನನ್ನನ್ನು ಮತ್ತೆ ಯಾವತ್ತೂ ಕೇಳಲಿಲ್ಲ.