ತಮ್ಮನ ಕಾರಿಗೆ ಹಾಕಿಸಿದ ನಾಲ್ಕು ಕೊಳವೆ

ನನ್ನ ತಮ್ಮ ತೀರಿಕೊಂಡ ಹದಿನೆಂಟನೆಯ ದಿನ ಅವನ ಅಂಗಡಿಯ ಬೀಗ ತೆಗೆದೆ. ಮೂಡಲಗಿಯಲ್ಲಿ ಅವನದು ಮೋಟಾರ್ ವೈಂಡಿಂಗ್ ಅಂಗಡಿ. ಮಸಗುಪ್ಪಿ, ತುಕ್ಕಾನಟ್ಟಿ ಕಡೆಯ ಹೊಲಗಳಲ್ಲಿ ಪಂಪ್‌ಸೆಟ್ ಸುಟ್ಟರೆ ಜನ ಅದನ್ನು ಅವನ ಹತ್ತಿರವೇ ಹೊತ್ತು ತರುತ್ತಿದ್ದರು. ಹಾಗೆ ತಂದಿಟ್ಟ ಐದಾರು ಮೋಟಾರುಗಳನ್ನು ಅವರವರಿಗೆ ಮರಳಿಸಬೇಕಿತ್ತು. ಕಪಾಟಿನ ಕೆಳಗಿನ ಖಾನೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಕಂಡಿತು. ತಾಮ್ರದ ತಂತಿ ಇರಬೇಕೆಂದು ತೆರೆದೆ. ಒಳಗೆ ಬಾಗಿದ ಸ್ಟೀಲ್ ಕೊಳವೆಯ ತುಂಡುಗಳು, ನಾಲ್ಕು ತೂತು ಕೊರೆದ ಒಂದು ದಪ್ಪ ಕಬ್ಬಿಣದ ಪಟ್ಟಿ, ಹೊಸ ಪ್ಯಾಕಿಂಗು, ಕೊಳವೆ ಹೇಗೆ ತಿರುಗಬೇಕೆಂದು ರಟ್ಟಿನಲ್ಲಿ ಕತ್ತರಿಸಿಟ್ಟ ಮಾದರಿಗಳು ಇದ್ದವು. ಪೆಟ್ಟಿಗೆಯ ಮುಚ್ಚಳದ ಮೇಲೆ ಸೀಸದ ಕಡ್ಡಿಯಿಂದ ಬರೆದಿದ್ದ: "ಹುಕ್ಕೇರಿ. ರವಿವಾರ. ಅಣ್ಣನ ಜೋಡಿ."

ನಾನು ಅಲ್ಲಿಯೇ ಅವನ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ಅವನಿಗೊಂದು ಹಳೆಯ ಸ್ಪೋರ್ಟ್ಸ್ ಕಾರಿತ್ತು. ಒಂದು ಕಾಲಕ್ಕೆ ಗೋವಾದಲ್ಲಿ ತಯಾರಾಗುತ್ತಿದ್ದ, ಎರಡೇ ಸೀಟಿನ, ಮೇಲಿನ ಹೊದಿಕೆ ಬಿಚ್ಚಿಡಬಹುದಾದ ಪುಟ್ಟ ಗಾಡಿ. ಮೈ ಪೂರಾ ಫೈಬರಿನದು. ಯಾರದೋ ತೋಟದ ಶೆಡ್ಡಿನಲ್ಲಿ ಕೋಳಿಗಳು ಗೂಡು ಮಾಡಿಕೊಂಡಿದ್ದ ಅದನ್ನು ಟೆಂಪೋದಲ್ಲಿ ಹೇರಿಕೊಂಡು ಬಂದು, ಎರಡು ವರ್ಷ ಬಿಡುವಾದಾಗಲೆಲ್ಲ ಕೂತು ಓಡುವ ಹಾಗೆ ಮಾಡಿದ್ದ. ಮನೆ ಕಲ್ಲೋಳಿಯಲ್ಲಿ, ಅಂಗಡಿ ಮೂಡಲಗಿಯಲ್ಲಿ. ಮಳೆ ಇಲ್ಲದ ದಿನ ಅದರಲ್ಲೇ ಓಡಾಡುತ್ತಿದ್ದ. ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಆ ಕೆಂಪು ಗಾಡಿ ನುಸುಳಿ ಬರುವುದನ್ನು ನೋಡಿ ಜನ ನಗುತ್ತಿದ್ದರು. ಅವನೂ ನಗುತ್ತಿದ್ದ.

ಗಾಡಿಯಲ್ಲಿ ಅವನಿಗೆ ಬೇಸರವಿದ್ದದ್ದು ಒಂದೇ ಭಾಗದ ಬಗ್ಗೆ. ಇಂಜಿನ್ನಿನ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರಿಗೆ ಕಳಿಸುವ ಬೀಡುಕಬ್ಬಿಣದ ಮ್ಯಾನಿಫೋಲ್ಡ್ ಸೀಳು ಬಿಟ್ಟು ಟಪಟಪ ಎನ್ನುತ್ತಿತ್ತು. ಗೋಕಾಕದಲ್ಲಿರುವ ನನ್ನ ಔಷಧಿ ಅಂಗಡಿಗೆ ಬಂದಾಗೆಲ್ಲ ಅದೇ ಮಾತು.

"ನಾಕೂ ಸಿಲಿಂಡರಿನ ಹೊಗಿ ಒಂದ ಗೂಡಿನ್ಯಾಗ ನುಗ್ಗತೈತಿ ಅಣ್ಣಾ. ಒಂದಕ್ಕೊಂದು ಅಡ್ಡ ಬರ್ತಾವ. ಒಂದೊಂದಕ್ಕ ಒಂದೊಂದು ಪೈಪ ಕೊಟ್ಟು, ಎಲ್ಲಾ ಒಂದ ಉದ್ದ ಇಟ್ಟು, ಮುಂದ ಕೂಡಿಸಿದ್ರ ಇಂಜಿನ್ ಹಗರ ಆಗತೈತಿ. ಹುಕ್ಕೇರ್‍ಯಾಗ ಒಬ್ಬಾವ ಆರ್ಗಾನ್ ವೆಲ್ಡಿಂಗ್ ಚಲೋ ಮಾಡ್ತಾನ. ಈ ರವಿವಾರ ನೀನೂ ಬಾ."

"ಈ ರವಿವಾರ ಸ್ಟಾಕ್ ನೋಡೂದೈತಿ. ಮುಂದಿನ ವಾರ ನೋಡೂಣು," ಎಂದೆ.

ಮುಂದಿನ ವಾರವೂ ಏನೋ ಹೇಳಿದೆ. ಅದರ ಮುಂದಿನ ವಾರ ಅವನು ಫೋನ್ ಮಾಡಿದಾಗ ಸ್ವಲ್ಪ ಒರಟಾಗಿಯೇ, "ಐವತ್ತಕ್ಕ ಬಂದಿ, ಇನ್ನೂ ಆಟಗಿ ಬಿಟ್ಟಿಲ್ಲ ನೀನು," ಎಂದುಬಿಟ್ಟೆ. ಅವನು ಸಿಟ್ಟಾಗಲಿಲ್ಲ. "ಆತು ಬಿಡು, ನಿನಗ ಆದಾಗ ಹೋಗೂಣು," ಎಂದ. ಅವನು ನನ್ನೊಂದಿಗೆ ಆಡಿದ ಕೊನೆಯ ಮಾತು ಅದು. ಅದೇ ವಾರ ಶುಕ್ರವಾರ ಮಧ್ಯಾಹ್ನ ಅಂಗಡಿಯಲ್ಲಿ ತಂತಿ ಸುತ್ತುತ್ತಲೇ ಪಕ್ಕಕ್ಕೆ ವಾಲಿದನಂತೆ. ಬಾಜೂ ಅಂಗಡಿಯವರು ಎತ್ತಿಕೊಂಡು ಹೋದರು. ಗಾಡಿ ಅಂಗಡಿಯ ಹತ್ತಿರವೇ ನಿಂತುಬಿಟ್ಟಿತು. ದವಾಖಾನೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಮರುದಿನ ನಮ್ಮ ಹೊಲದಲ್ಲಿಯೇ, ಅಪ್ಪನ ಪಕ್ಕದಲ್ಲಿ, ಅವನಿಗೆ ಮಣ್ಣು ಕೊಟ್ಟೆವು.

ಪೆಟ್ಟಿಗೆ ಸಿಕ್ಕ ಸಂಜೆ ಕಲ್ಲೋಳಿಗೆ ಹೋಗಿ ಅವನ ಹೆಂಡತಿಯ ಮುಂದೆ ಅದನ್ನಿಟ್ಟೆ. ಅವರಿಗೆ ಮಕ್ಕಳಿಲ್ಲ. ಇಪ್ಪತ್ತೆರಡು ವರ್ಷ ಇಬ್ಬರೇ ಬಾಳಿದವರು. ಅವಳು ಮುಚ್ಚಳದ ಮೇಲಿನ ಅಕ್ಷರ ಓದಿ, ಅದರ ಮೇಲೆ ಬೆರಳಾಡಿಸಿದಳು.

"ಅವನ ಆಸೆ ಇತ್ತವ್ವಾ. ನಾ ಬರಲಿಲ್ಲ ಅಂತ ಹಂಗ ಉಳೀತು. ಗಾಡಿ ಹುಕ್ಕೇರಿಗೆ ಒಯ್ದು ಮಾಡಿಸಿಕೊಂಡು ಬರ್ತೀನಿ," ಎಂದೆ.

ಅವಳು ಪೆಟ್ಟಿಗೆಯ ಮುಚ್ಚಳ ಹಾಕಿ ನನ್ನ ಕಡೆ ಸರಿಸಿ, "ನಿಮಗ ತಿಳದಂಗ ಮಾಡ್ರಿ ಭಾವಾರ," ಎಂದಳು. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ.

ಹುಕ್ಕೇರಿಯ ವೆಲ್ಡರ್ ನನ್ನ ತಮ್ಮನ ವಯಸ್ಸಿನವನೇ. ಗಾಡಿ ನೋಡಿದವನೇ ಕೈಲಿದ್ದ ಕೆಲಸ ಬಿಟ್ಟು ಎದ್ದು ಬಂದ. "ಅವರ ಎಲ್ಲಿ ಅದಾರ್ರಿ?" ಎಂದು ಕೇಳಿದ. ಹೇಳಿದೆ. ಅವನು ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಆಮೇಲೆ ರಟ್ಟಿನ ಮಾದರಿಗಳನ್ನು ಒಂದೊಂದಾಗಿ ಇಂಜಿನ್ನಿಗೆ ಹಿಡಿದು ನೋಡಿ, "ಅಳತಿ ಪಕ್ಕಾ ಅದಾವ್ರಿ. ನಾ ಬರೇ ಕೂಡಿಸೂದೈತಿ," ಎಂದ.

ಬರೇ ಕೂಡಿಸುವುದಕ್ಕೆ ನಾಲ್ಕು ದಿನ ಹಿಡಿಯಿತು. ನಾನೂ ದಿನಾ ಬೆಳಿಗ್ಗೆ ಗೋಕಾಕದಿಂದ ಬಸ್ಸಿಗೆ ಹೋಗಿ ಅವನ ಜೊತೆಗಿರುತ್ತಿದ್ದೆ. ಹಳೆಯ ನಟ್ಟುಗಳು ತುಕ್ಕು ಹಿಡಿದಿದ್ದವು. ಎಣ್ಣೆ ಬಿಟ್ಟು, ಕಾಯಿಸಿ, ತಟ್ಟಿ ಸಡಿಲಿಸುವಾಗ ಒಂದು ಬೋಲ್ಟು ಇಂಜಿನ್ನಿನ ಬಾಯಲ್ಲೇ ಮುರಿಯಿತು. ಮುರಿದ ತುಂಡಿನ ತುದಿಗೆ ಒಂದು ನಟ್ಟನ್ನು ವೆಲ್ಡ್ ಮಾಡಿ, ಉಸಿರು ಬಿಗಿ ಹಿಡಿದು, ಕೂದಲಷ್ಟು ಕೂದಲಷ್ಟು ತಿರುಗಿಸಿ ಅವನದನ್ನು ಹೊರಗೆ ತೆಗೆದ. ಕೊಳವೆಗಳಿಗೆ ಮೊದಲು ಅಲ್ಲಲ್ಲಿ ಚುಕ್ಕೆಯಷ್ಟು ವೆಲ್ಡ್ ಮಾಡಿ, ಗಾಡಿಗೆ ಹಾಕಿ, ಸ್ಟಿಯರಿಂಗ್ ರಾಡಿಗೆ ತಾಗುವುದಿಲ್ಲವೆಂದು ನೋಡಿ, ಮತ್ತೆ ಬಿಚ್ಚಿ ಪೂರ್ತಿ ಬೆಸೆದ. ಫೈಬರ್ ಮೈಗೆ ಕಾವು ಹತ್ತಬಾರದೆಂದು ಕೊಳವೆಗಳ ಸುತ್ತ ಶಾಖ ತಡೆಯುವ ಪಟ್ಟಿ ಸುತ್ತಿದ. ಆ ಪಟ್ಟಿಯ ತುದಿ ಹಿಡಿದವನು ನಾನು. ಬದುಕಿದ್ದಾಗ ತಮ್ಮನಿಗೆ ಮಾಡದಿದ್ದ ಕೆಲಸವನ್ನು ಈಗ ಮಾಡುತ್ತಿದ್ದೇನೆಂಬ ಸಮಾಧಾನ ನನಗೆ. ಆ ನಾಲ್ಕು ದಿನ ನಾನು ಸರಿಯಾಗಿ ಉಂಡೆ, ಸರಿಯಾಗಿ ಮಲಗಿದೆ.

ಎಲ್ಲ ಮುಗಿದ ಮೇಲೆ ವೆಲ್ಡರ್ ಮೂಲೆಯಲ್ಲಿದ್ದ ಹಳೆಯ ಮ್ಯಾನಿಫೋಲ್ಡನ್ನು ಕಾಲಿನಿಂದ ತೋರಿಸಿ ಕೇಳಿದ: "ಇದನ್ನ ಒಯ್ತೀರೇನ್ರಿ?"

"ಒಡದದ್ದು ಒಯ್ದು ಏನ ಮಾಡ್ಲಿ? ಮೋಡಕಾಕ ಹಾಕು," ಎಂದು ಅದನ್ನು ಗುಜರಿಯವನ ಪಾಲಿಗೆ ಬಿಟ್ಟೆ.

ಗಾಡಿ ಚಾಲೂ ಮಾಡಿದರೆ ಅದು ಬೇರೆಯೇ ಗಾಡಿ. ಮೊದಲಿನ ಟಪಟಪ ಸದ್ದಿಲ್ಲ. ಆಳದಿಂದ ಬರುವ, ಒಂದೇ ಸಮನಾದ, ತುಂಬಿದ ದನಿ. ತಮ್ಮ ಹೇಳಿದ್ದು ಖರೆಯಿತ್ತು, ಏರಿನಲ್ಲಿಯೂ ಇಂಜಿನ್ ಹಗುರವಾಗಿ ಎಳೆಯುತ್ತಿತ್ತು. ಘಟಪ್ರಭಾ ದಾಟಿದ ಮೇಲೆ ರಸ್ತೆ ಬದಿಗೆ ನಿಲ್ಲಿಸಿ ಒಬ್ಬನೇ ಅತ್ತೆ. ಖಾಲಿ ಸೀಟಿನ ಮೇಲೆ ಕೈಯಿಟ್ಟು, "ನೋಡೋ, ಆತು," ಎಂದೆ. ಸಾವಿನ ನಂತರ ನಾನು ಅತ್ತದ್ದು ಅದೇ ಮೊದಲು.

ಕಲ್ಲೋಳಿ ಮುಟ್ಟಿದಾಗ ಸಂಜೆ ಆರಾಗಿತ್ತು. ಮನೆ ಮುಂದೆ ಗಾಡಿ ನಿಲ್ಲಿಸಿ, ಅವಳು ಹೊರಗೆ ಬರಲೆಂದು ಒಂದೆರಡು ಬಾರಿ ರೇಸ್ ಮಾಡಿದೆ. ಯಾರೂ ಬರಲಿಲ್ಲ. ಮತ್ತೊಮ್ಮೆ ಮಾಡಿದಾಗ ಅವಳು ಒದ್ದೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, "ಯಾರ ಗಾಡಿರೀ?" ಎಂದಳು. ಆಮೇಲೆ ನನ್ನನ್ನು ನೋಡಿದಳು, ಗಾಡಿ ನೋಡಿದಳು.

"ಇದು ನಮ್ಮ ಗಾಡಿನ ಏನು?"

"ಹೌದವ್ವಾ. ಕೇಳು, ಹೆಂಗ ಚಲೋ ಆಗೇತಿ."

"ಬಂದ್ ಮಾಡ್ರಿ," ಎಂದಳು. ನಾನು ಬಂದ್ ಮಾಡಿದೆ. ಅವಳು ಹೊಸ್ತಿಲಲ್ಲೇ ಕುಳಿತಳು.

ನನಗೇನೂ ತಿಳಿಯಲಿಲ್ಲ. ಗಾಡಿಯಿಂದಿಳಿದು ಹತ್ತಿರ ಹೋದೆ. ಅವಳು ತಲೆ ಎತ್ತದೆ ನಿಧಾನಕ್ಕೆ ಹೇಳಿದಳು: "ದಿನಾ ಕಾಲಿವಿ ತಿರುವಿನ್ಯಾಗ ಅದರ ಟಪಟಪ ಕೇಳ್ತಿತ್ತರಿ. ಅದು ಕೇಳಿದ ಮ್ಯಾಲ ನಾ ಹಂಚ ಒಲಿ ಮ್ಯಾಲ ಇಡ್ತಿದ್ದೆ. ಅವರ ಕೈಕಾಲ ತೊಳಕೊಂಡು ಬರೂದ್ರಾಗ ಮೊದಲನೇ ರೊಟ್ಟಿ ಆಗಿರ್ತಿತ್ತು. ನೀವು ಗಾಡಿ ತರ್ತೀನಿ ಅಂದಿದ್ರಿ. ನಾಕ ದಿನಾ ಆತು, ಸಂಜಿ ಆದ ಕೂಡ್ಲೆ ಹಿಟ್ಟು ನಾದಿಕೊಂಡು ಕುಂದರಾಕತ್ತೇನಿ. ಅವರು ಬರೂದಿಲ್ಲ ಅಂತ ಗೊತ್ತೈತ್ರಿ. ಆ ಸದ್ದರ ಒಮ್ಮೆ ಕೇಳೂಣು ಅಂತ."

ನಾನು ಗಾಡಿಯ ಕೀಲಿಯನ್ನು ಜೇಬಿಗೆ ಹಾಕಿಕೊಂಡೆ.

"ಹಳೇದು ಎಲ್ಲೈತ್ರಿ ಭಾವಾರ? ಅದನ್ನ ತಿರುಗಿ ಹಾಕಿಸಾಕ ಬರತೈತೇನು?"

"ಬರತೈತಿ. ನಾಳೆ ಹೋಗಿ ತರ್ತೀನಿ," ಎಂದೆ.

ಮರುದಿನ ಬೆಳಿಗ್ಗೆ ವರ್ಕ್‌ಶಾಪಿನ ಬಾಗಿಲು ತೆಗೆಯುವ ಮೊದಲೇ ನಾನು ಹುಕ್ಕೇರಿಯಲ್ಲಿದ್ದೆ. ವೆಲ್ಡರ್ ನನ್ನ ಮಾತು ಕೇಳಿ ತಲೆ ತಗ್ಗಿಸಿದ. ನಾನು ಹೋದ ಅರ್ಧ ತಾಸಿಗೆ ಮೋಡಕಾದವನು ಬಂದು ಮೂಲೆಯದನ್ನೆಲ್ಲ ಬಳಿದುಕೊಂಡು ಹೋಗಿದ್ದನಂತೆ. ಇಬ್ಬರೂ ಅವನ ಅಡ್ಡೆಗೆ ಹೋದೆವು. ಬೀಡಿನ ಸಾಮಾನೆಲ್ಲ ಬೇರೆ ಮಾಡಿ ರಾತ್ರಿಯ ಲಾರಿಗೇ ಹೇರಿಯಾಗಿತ್ತು, ಕರಗಿಸುವ ಭಟ್ಟಿಗೆ. ಆದರೂ ನಾನು ಬಿಡಲಿಲ್ಲ. ಉಳಿದ ರಾಶಿಯನ್ನು ಇಬ್ಬರೂ ಕೈಯಿಂದ ಕೆದರಿ ನೋಡಿದೆವು. ಮುರಿದ ನೇಗಿಲು, ಸೈಕಲ್ ಚೌಕಟ್ಟು, ಕುಕ್ಕರಿನ ಮುಚ್ಚಳಗಳು. ನನ್ನ ಅಂಗೈ ಕೊಯ್ದು ರಕ್ತ ಬಂದಾಗ ವೆಲ್ಡರ್ ನನ್ನ ತೋಳು ಹಿಡಿದು, "ಸಾಕ್ರಿ ಅಣ್ಣಾರ. ಇನ್ನ ಸಿಗೂದಿಲ್ಲ," ಎಂದ.

ಬೇರೆ ಹಳೆಯ ಮ್ಯಾನಿಫೋಲ್ಡ್ ಹುಡುಕಿಸಬಹುದು, ಅದಕ್ಕೆ ಸೀಳು ಹೊಡೆಯಬಹುದು ಎಂದೂ ಹೇಳಿದ. ಆದರೆ ಎಲ್ಲಿ ಹೊಡೆಯುವುದು, ಎಷ್ಟು ಹೊಡೆಯುವುದು? ತಮ್ಮನ ಗಾಡಿಯ ಸದ್ದು ಖರೆಯಾಗಿ ಹೇಗಿತ್ತೆಂದು ನಾನು ಒಂದು ದಿನವೂ ಕಿವಿಗೊಟ್ಟು ಕೇಳಿರಲಿಲ್ಲ.

ಸುದ್ದಿ ಹೇಳಿದಾಗ ಅವಳು ನನ್ನ ಅಂಗೈಯ ಬಟ್ಟೆ ಬಿಚ್ಚಿ, ತೊಳೆದು, ಅರಿಷಿಣ ಹಚ್ಚಿದಳು. "ನೀವೇನ ಬೇಕಂತ ಮಾಡಿದ್ರೇನು? ಅವರ ಕೈಲೆ ಬರದಿಟ್ಟಿದ್ರಲ್ಲ, ಆತು," ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಹೊರಡುವಾಗ ಒಂದೇ ಮಾತು ಕೇಳಿಕೊಂಡಳು. ಗಾಡಿಯನ್ನು ಗೋಕಾಕಕ್ಕೆ ಒಯ್ಯಬೇಕು, ಓಡಿಸಬೇಕು, ಆದರೆ ಈ ದಾರಿಗೆ ಮಾತ್ರ ತರಬಾರದು.

ಒಂದೂವರೆ ವರ್ಷವಾಯಿತು. ಗಾಡಿ ನಮ್ಮ ಮನೆಯ ಮುಂದಿದೆ. ವಾರಕ್ಕೊಮ್ಮೆ ಹೊರಗೆ ತೆಗೆದು ಬೇರೆ ದಿಕ್ಕಿನ ರಸ್ತೆಯಲ್ಲಿ ಓಡಿಸಿಕೊಂಡು ಬರುತ್ತೇನೆ. ಅವಳು ಈಗ ಊರಿನಲ್ಲಿ ಹೊಲಿಗೆ ಕಲಿಸುತ್ತಾಳೆ. ಪ್ರತಿ ರವಿವಾರ ಔಷಧಿ ಅಂಗಡಿ ಬಂದ್ ಇಟ್ಟು, ಬಸ್ಸಿಗೆ ಕಲ್ಲೋಳಿಗೆ ಹೋಗುತ್ತೇನೆ. ಮಧ್ಯಾಹ್ನದ ಊಟ ಅಲ್ಲಿಯೇ. ಹೋದ ವಾರ ಬಡಿಸುತ್ತ, ಮೊದಲ ಬಾರಿಗೆ, "ಗಾಡಿ ಚಲೋ ಐತೇನ್ರಿ?" ಎಂದು ಕೇಳಿದಳು. "ಐತವ್ವಾ," ಎಂದೆ. ಅವಳು ತಲೆಯಾಡಿಸಿ, ಇನ್ನೊಂದು ರೊಟ್ಟಿ ತರಲು ಒಳಗೆ ಹೋದಳು. ಸ್ವಲ್ಪ ತಡವಾಗಿ ಬಂದಳು.