ಎಂಟನೆಯ ಬಟನ್

ತಮ್ಮ ತೀರಿಕೊಂಡು ಏಳು ತಿಂಗಳಾದವು. ಅವನ ಬಲಗಾಲಿನ ಮೇಲೆ ನನಗಿದ್ದ ಹೊಟ್ಟೆಕಿಚ್ಚು ಮಾತ್ರ ಇನ್ನೂ ಹೋಗಿಲ್ಲ. ಯಾರ ಮುಂದೆಯೂ ಹೇಳಲಾಗದ್ದರಿಂದ ಬರೆಯುತ್ತಿದ್ದೇನೆ.

ನಾವಿಬ್ಬರೂ ಗೋಕಾಕದ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದೆವು. ಗಿಟಾರಿನ ಧ್ವನಿ ಬದಲಿಸುವ ಪೆಡಲ್‌ಗಳು ಇಬ್ಬರ ಕಾಲ ಬಳಿಯೂ ಐದೈದು ಇದ್ದವು. ಪಲ್ಲವಿಯಿಂದ ಚರಣಕ್ಕೆ ಹೋಗುವಾಗ ಎರಡನ್ನು ಆರಿಸಿ ಮೂರನ್ನು ಹಚ್ಚಬೇಕು. ನಾನು ಒಂದೊಂದನ್ನೇ ತುಳಿಯುವಷ್ಟರಲ್ಲಿ ಅರ್ಧ ಸಾಲು ದಾಟಿರುತ್ತಿತ್ತು. ತಮ್ಮ ಒಂದು ಸ್ವಿಚ್ಚಿನ ಡಬ್ಬಿ ತಂದ. ಐದೂ ಪೆಡಲ್‌ಗಳ ವೈರು ಅದರೊಳಗೆ, ಮೇಲೆ ಎಂಟು ಬಟನ್. ಮೊದಲೇ ಹೊಂದಿಸಿಟ್ಟರೆ ಒಂದು ಸಲ ಒತ್ತಿದರೆ ಸಾಕು, ಬೇಕಾದವೆಲ್ಲ ಒಟ್ಟಿಗೇ ಬದಲಾಗುತ್ತವೆ.

"ಅಣ್ಣಾ, ನೀ ಪೆಡಲ್ ತುಳಿಯೂದು ಕಣದಾಗಿನ ಎತ್ತಿನಂಗ ಕಾಣ್ತೈತಿ ನೋಡು," ಎನ್ನುತ್ತಿದ್ದ.

"ನನಗ ಕೈಲೆ ಬಾರ್ಸಾಕ ಬರ್ತೈತಿ. ಬರದಾವ್ರಿಗೆ ಡಬ್ಬಿ ಬೇಕಲೇ," ಎನ್ನುತ್ತಿದ್ದೆ.

ಹಾಗೆ ಅಂದರೂ ನಾಲ್ಕು ವರ್ಷ ಅವನ ಕಾಲನ್ನೇ ನೋಡಿದೆ. ಫೋನ್ ಹಿಡಿದು ವೇದಿಕೆಯ ಬಳಿ ಬಂದವರೆಲ್ಲ ಅವನ ಕಡೆಗೇ ನಿಲ್ಲುತ್ತಿದ್ದರು.

ಈ ವರ್ಷ ಮನೆಯಲ್ಲಿ ಹಬ್ಬವಿರಲಿಲ್ಲ. ಆದರೂ ಮಹಾನವಮಿಯ ಖಂಡೆ ಪೂಜೆಯ ದಿನ ಅವನ ಹೆಂಡತಿ ಗಿಟಾರನ್ನೂ ಡಬ್ಬಿಯನ್ನೂ ದೇವರ ಮುಂದಿಟ್ಟು, ಎಂಟೂ ಬಟನ್‌ಗಳಿಗೆ ವಿಭೂತಿ ಹಚ್ಚಿದಳು. ಪೂಜೆಗಿಟ್ಟ ಸಾಮಾನನ್ನು ಮರುದಿನ ಬನ್ನಿ ಕೊಡುವವರೆಗೆ ಮುಟ್ಟುವಂತಿಲ್ಲ. ಆಮೇಲೆ ಎತ್ತಿಕೊಳ್ಳುವವನು ನಾನೇ ಎಂದುಕೊಂಡಿದ್ದೆ.

ಮರುದಿನ ಸಂಜೆ ಬನ್ನಿ ಕೊಡಲು ತಮ್ಮನ ಹುಕ್ಕೇರಿಯ ಗೆಳೆಯ ಬಂದ. ಈಗ ತಮ್ಮನ ಜಾಗದಲ್ಲಿ ಬಾರಿಸುವವನು. ತಮ್ಮನ ಹೆಂಡತಿ ಡಬ್ಬಿಯನ್ನು ಅವನ ಕೈಗಿಟ್ಟಳು.

"ಭಾವಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಇವರಿಗೇ ಕೊಡು ಅಂತ ಅವ್ರು ಹೇಳಿದ್ರು. ಅಣ್ಣಗ ಕೊಟ್ರ ಟ್ರಂಕಿನಾಗ ಇಟ್ಟು ಕೀಲಿ ಹಾಕ್ತಾನ ಅಂದ್ರು."

ತಮ್ಮ ಹೇಳಿದ್ದು ನಿಜ. ಅದಕ್ಕೇ ಇನ್ನಷ್ಟು ಉರಿಯಿತು. ಕೊನೆಯ ದಿನಗಳಲ್ಲೂ ಅವನು ಯೋಚಿಸಿದ್ದು ಗೆಳೆಯನ ಬಗ್ಗೆ.

ಗೆಳೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡ. "ಅಣ್ಣಾರ, ಯಾವ ಬಟನ್ ಯಾವಾಗ ಒತ್ತತಿದ್ದಾ ನನಗ ಗೊತ್ತಿಲ್ರಿ. ನಿಮಗೇನರೆ ಗೊತ್ತೈತೇನ್ರಿ?"

ಗೊತ್ತಿತ್ತು. ಕಿಚ್ಚಿನಿಂದ ನೋಡಿ ನೋಡಿ ಎಲ್ಲವೂ ಬಾಯಿಪಾಠವಾಗಿತ್ತು. ಒಂದನೆಯದು ಹಾಡಿನ ಶುರುವಿಗೆ, ಎರಡನೆಯದು ಚರಣಕ್ಕೆ, ಮೂರನೆಯದು ನಿಧಾನದ ಹಾಡಿಗೆ ಎಂದು ಹೇಳುತ್ತ ಹೋದೆ. ನಾನು ಹೇಳಿದಂತೆ ಅವನು ಒಂದೊಂದೇ ಬಟನ್‌ನ ವಿಭೂತಿಯನ್ನು ಕರವಸ್ತ್ರದಿಂದ ಒರೆಸಿದ.

"ಎಂಟನೇದ್ರಿ?"

ಅದನ್ನು ತಮ್ಮ ಒತ್ತುತ್ತಿದ್ದದ್ದು ನಾನೊಬ್ಬನೇ ಬಾರಿಸುವ ಸರದಿ ಬಂದಾಗ. ಒತ್ತಿದೊಡನೆ ಅವನ ಗಿಟಾರಿನ ಧ್ವನಿ ಅರ್ಧಕ್ಕಿಳಿಯುತ್ತಿತ್ತು, ನನ್ನದು ಮುಂದೆ ಬರುತ್ತಿತ್ತು. ಅವನು ದಣಿವಾರಿಸಿಕೊಳ್ಳುತ್ತಾನೆ ಎಂದೇ ಅಷ್ಟು ವರ್ಷ ತಿಳಿದಿದ್ದೆ. ಹೇಳಲು ಬಾಯಿ ತೆರೆದಾಗ ಅರ್ಥವಾಯಿತು. ಆ ಒಂದು ಬಟನ್ನು ನನಗಾಗಿ ಇಟ್ಟದ್ದು. ಅದನ್ನೂ ಇವನಿಗೆ ಕೊಡಲು ಮನಸ್ಸಾಗಲಿಲ್ಲ.

"ಅದಕ್ಕ ಏನೂ ಹೊಂದಿಸಿಲ್ಲ. ಮುಟ್ಟಬ್ಯಾಡ," ಅಂದೆ.

ದೀಪಾವಳಿ ಮುಗಿದ ಮೇಲೆ ಮೂಡಲಗಿಯಲ್ಲಿ ಒಂದು ಮದುವೆ. ನನ್ನ ಸರದಿ ಬಂತು. ಗೆಳೆಯನ ಗಿಟಾರ್ ಮೊದಲಿನಷ್ಟೇ ಜೋರಾಗಿ ಮೊಳಗುತ್ತಿತ್ತು, ನಾನು ಬಾರಿಸಿದ್ದು ನನಗೇ ಕೇಳಿಸಲಿಲ್ಲ. ಹಳೆಯ ರೂಢಿಯಂತೆ ಕಣ್ಣು ಅವನ ಕಾಲಿನ ಕಡೆ ಹೋಯಿತು. ಎಂಟನೆಯ ಬಟನ್ ಮೇಲೆ ವಿಭೂತಿ ಹಾಗೆಯೇ ಇತ್ತು. ನಾನು ಬಾರಿಸುತ್ತಲೇ ಇದ್ದೆ.