ಗೀಟಿನಲ್ಲಿ ಅಳೆದ ಮಳೆ

ಬೆಳಿಗ್ಗೆ ಒಂಬತ್ತಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ನಮ್ಮ ರಾಣೆಬೆನ್ನೂರಿನ ಮನೆಯ ಕಪ್ಪು ಟೆಲಿಫೋನು ಒದರುತ್ತಿತ್ತು. ಎತ್ತಿದರೆ ಮೊದಲು ಗರಗರ ಸಪ್ಪಳ, ಅದರ ಹಿಂದೆ ಐರಣಿಯ ಕಿರಾಣಿ ಅಂಗಡಿಯ ಗದ್ದಲ, ಆಮೇಲೆ ಎರಡನ್ನೂ ಸೀಳಿಕೊಂಡು ಬರುವ ಒಂದು ಹೆಣ್ಣುದನಿ: “ಅವ್ವಾರ, ಮೂವತ್ತೈದ ಗೀಟ್ರಿ!” ಹಲೋ ಇಲ್ಲ, ಗುಡ್ ಮಾರ್ನಿಂಗ್ ಇಲ್ಲ. ಮಳೆ ಬಾರದ ದಿನ “ಏನಿಲ್ಲರಿ, ಒಣಾ” ಅಂತ ಹೇಳಿ ಇಟ್ಟೇಬಿಡುತ್ತಿದ್ದಳು. ಹತ್ತೊಂಬತ್ತು ವರ್ಷ, ಮಳೆಗಾಲದ ಅಷ್ಟೂ ಮುಂಜಾವು, ನನ್ನ ದಿನ ಶುರುವಾದದ್ದು ಆ ದನಿಯಿಂದ. ಈಗಲೂ ಮಳೆ ಬಂದ ರಾತ್ರಿಯ ಮಾರನೆ ದಿನ ಆ ಹೊತ್ತಿಗೆ ನನ್ನ ಕಿವಿ ಸುಮ್ಮನೆ ಸೆಟೆದು ನಿಲ್ಲುತ್ತದೆ. ಟೆಲಿಫೋನು ತೆಗೆಸಿ ಯಾವ ಕಾಲವಾಯಿತೋ.

ಆ ದನಿ ಗಂಗವ್ವನದು. ಐರಣಿಯಲ್ಲಿ ಹೊಳೆ ಸಮೀಪ ನಮ್ಮದೊಂದು ಬೀಜದ ಪ್ಲಾಟ್ ಇತ್ತು. ಅಲ್ಲಿ ಕ್ರಾಸಿಂಗ್ ಮಾಡುವ ಹನ್ನೊಂದು ಹೆಣ್ಣುಮಕ್ಕಳಿಗೆ ಅವಳೇ ಮುಂದಾಳು. ಕ್ರಾಸಿಂಗ್ ಅಂದರೆ ಸಂಜೆ ಮೊಗ್ಗನ್ನು ಬಿಡಿಸಿ ಅದರೊಳಗಿನ ಗಂಡುಭಾಗ ಕಿತ್ತಿಡುವುದು, ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವಿನ ಪರಾಗ ತಂದು ಅದಕ್ಕೆ ಮುಟ್ಟಿಸುವುದು. ಹೂವಿಗೊಂದು ಲಗ್ನ ಮಾಡಿದ ಹಾಗೆ. ಆ ಹೊತ್ತಿನಲ್ಲಿ ಮಳೆ ಬಿದ್ದರೆ ಪರಾಗ ಅಂಟಾಗಿ ಲಗ್ನ ಕೆಟ್ಟೀತು. ಅದಕ್ಕೇ ಬೀಜದ ಕಂಪನಿಯ ಸಾಹೇಬರು ಪ್ಲಾಟಿನಲ್ಲಿ ಮಳೆ ಅಳೆಯುವ ಡಬ್ಬಿ ಹೂಳಿಸಿ, ಜೊತೆಗೆ ಒಂದು ಗೀಟು ಹಾಕಿದ ಗ್ಲಾಸು ಕೊಟ್ಟಿದ್ದರು. ಗಂಗವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಡಬ್ಬಿಯ ನೀರನ್ನು ಗ್ಲಾಸಿಗೆ ಸುರಿದು, ಕೆಳಗಿನಿಂದ ಒಂದೊಂದೇ ಗೀಟು ಎಣಿಸಿ, ಅಂಗಡಿವರೆಗೆ ನಡೆದುಬಂದು ನನಗೆ ಫೋನ್ ಮಾಡುತ್ತಿದ್ದಳು. ಐದು ಗೀಟಿಗೆ ಒಂದು ಮಿಲಿಮೀಟರ್. ನಾನು ಐದರಿಂದ ಭಾಗಿಸಿ, ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಕಲಿತ ಕರ್ಸಿವ್ ಅಕ್ಷರದಲ್ಲಿ ನೋಟ್‌ಬುಕ್ಕಿಗೆ ಇಳಿಸುತ್ತಿದ್ದೆ. ನೋಟ್‌ಬುಕ್ಕಿನ ಮೇಲೆ ‘ರೇನ್‌ಫಾಲ್ ರಿಜಿಸ್ಟರ್’ ಎಂದು ಬರೆದು, ಅದರ ಕೆಳಗೆ ‘ಅಬ್ಸರ್ವರ್’ ಎಂಬುದರ ಮುಂದೆ ನನ್ನ ಹೆಸರನ್ನು ಮಿಸೆಸ್ ಸಮೇತ ಬರೆದಿದ್ದೆ. ನಾನು ಅಬ್ಸರ್ವ್ ಮಾಡಿದ್ದು ಟೆಲಿಫೋನನ್ನು. ಆಗ ಅದು ಹೊಳೆಯಲಿಲ್ಲ.

ಹೊಳೆದದ್ದು ಮೊನ್ನೆ ಮೊನ್ನೆ, ನಮ್ಮ ಮಾಳಿಗೆ ಮೇಲಿನ ಮನೆಗೆ ಶಿಲ್ಪಾ ಬಾಡಿಗೆಗೆ ಬಂದಮೇಲೆ. ಹಾವೇರಿ ಕಡೆಯ ಹುಡುಗಿ, ಹವಾಮಾನದ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. ಸಂಜೆ ಚಹಾಕ್ಕೆ ಕೆಳಗೆ ಬಂದರೆ ಲ್ಯಾಪ್‌ಟಾಪನ್ನು ಕೂಸಿನ ಹಾಗೆ ಎತ್ತಿಕೊಂಡೇ ಬರುತ್ತಾಳೆ. ರೀಜನಲ್ ಕ್ಲೈಮೇಟ್ ಮಾಡೆಲ್ ಅಂತ ಒಂದಿದೆಯಂತೆ. ಭೂಮಿಯನ್ನೆಲ್ಲ ದೊಡ್ಡ ದೊಡ್ಡ ಚೌಕ ಮಾಡಿ ಲೆಕ್ಕ ಹಾಕುವ ದೊಡ್ಡ ಮಾಡೆಲ್ಲುಗಳಿಂದ ಅಂಚಿನ ಗಾಳಿ, ಅಂಚಿನ ತೇವ ಕಡ ತಂದು, ನಮ್ಮಂಥ ಒಂದು ಸೀಮೆಯನ್ನು ಸಣ್ಣ ಸಣ್ಣ ಚೌಕ ಮಾಡಿ ಮತ್ತೆ ಲೆಕ್ಕ ಹಾಕುತ್ತದಂತೆ. ಐರಣಿ ಒಂದು ಚೌಕ, ಬ್ಯಾಡಗಿ ಇನ್ನೊಂದು. ಕಾಗಿನೆಲೆಯಲ್ಲಿ ಛತ್ರಿ ಬಿಚ್ಚಿದ ಹೊತ್ತಿಗೆ ಬ್ಯಾಡಗಿಯ ಬಯಲಿನಲ್ಲಿ ಮೆಣಸಿನಕಾಯಿ ಕೆಂಪಗೆ ಒಣಗುತ್ತಿರುವುದನ್ನು ನಾನು ಬಸ್ಸಿನಿಂದ ಎಷ್ಟೋ ಸಲ ನೋಡಿದ್ದೇನೆ. ಮಾಡೆಲ್ಲಿನಲ್ಲಿ ಇವೆರಡೂ ಒಂದೇ ಚೌಕ, ಹೀಗೆ ಬೇರೆ ಬೇರೆ ಮಳೆ ಸುರಿಸುವ ಚೈನಿ ಅದಕ್ಕಿಲ್ಲ. ಒಂದು ಚೌಕಕ್ಕೆ ಒಂದೇ ಅಂಕಿ.

ಅದರ ಒಳಗಿನ ಸಾಮಾನುಗಳಿಗೆ ವೇರಿಯಬಲ್ ಅನ್ನುತ್ತಾರೆ. ಒಂದೊಂದಕ್ಕೂ ಮುದ್ದಿನ ಹೆಸರು. ಮಳೆಗೆ ‘ಪಿಆರ್’, ನೆಲದ ಹತ್ತಿರದ ಗಾಳಿಯ ಬಿಸಿಗೆ ‘ಟಾಸ್’. ಆ ಬಿಸಿ ಇರುವುದು ಕೆಲ್ವಿನ್‌ನಲ್ಲಿ. ಒಂದು ದಿನ ನಾನು ಇಣುಕಿ ನೋಡಿದರೆ ಬ್ಯಾಡಗಿಯ ಬೇಸಿಗೆ ಮಧ್ಯಾಹ್ನ ಮುನ್ನೂರ ಹನ್ನೆರಡು! “ಏ ಶಿಲ್ಪಾ, ಇಷ್ಟಾದ್ರ ಮೆಣಸಿನಕಾಯಿ ಗಿಡದಾಗ ಖಾರದಪುಡಿ ಆಗ್ತೈತೆಲ್ಲ” ಅಂದೆ. “ಅದರಾಗ ಇನ್ನೂರ ಎಪ್ಪತ್ಮೂರು ಕಳೀರಿ ಅಜ್ಜಿ, ಮೂವತ್ತೊಂಬತ್ತು ಉಳೀತೈತಿ” ಅಂದಳು. ಕೆಲವು ಮಾಡೆಲ್ಲುಗಳ ಕ್ಯಾಲೆಂಡರಿನಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಅಂದರೆ ಫೆಬ್ರುವರಿ ಮೂವತ್ತೂ ಇದೆ! ಅದು ನನಗೆ ಬಹಳ ಹಿಡಿಸಿತು. ಇಷ್ಟು ವರ್ಷ ಬದುಕಿದರೂ ನನಗೆ ಸಿಗದ ಒಂದು ದಿನ, ಅಲ್ಲಿ ಆ ಫೈಲಿನಲ್ಲಿ, ತನ್ನ ಬಿಸಿಲು ತನ್ನ ಮಳೆ ಇಟ್ಟುಕೊಂಡು ತಣ್ಣಗೆ ಕೂತಿದೆ.

ಮಳೆಯ ಯೂನಿಟ್ ಮಾತ್ರ ನನ್ನ ತಲೆ ತಿರುಗಿಸಿತು. ಒಂದು ಚದರ ಮೀಟರಿಗೆ, ಒಂದು ಸೆಕೆಂಡಿಗೆ, ಇಷ್ಟು ಕಿಲೋಗ್ರಾಮ್ ನೀರು. ಅದನ್ನು ದಿನದ ಮಿಲಿಮೀಟರ್ ಮಾಡಬೇಕಾದರೆ ಎಂಬತ್ತಾರು ಸಾವಿರದ ನಾನೂರರಿಂದ ಗುಣಿಸಬೇಕು. ದಿನಕ್ಕೆ ಅಷ್ಟು ಸೆಕೆಂಡು. ನಾನು ಐದರಿಂದ ಭಾಗಿಸಿದವಳು, ಇವಳು ಎಂಬತ್ತಾರು ಸಾವಿರದಿಂದ ಗುಣಿಸುವವಳು. ಕಸಬು ಒಂದೇ.

ಇದನ್ನೆಲ್ಲ ಇಡುವ ಫೈಲಿಗೆ ನೆಟ್‌ಸಿಡಿಎಫ್ ಎಂಬ ಹೆಸರು. ಅದರಲ್ಲಿ ನನ್ನ ಮನಸ್ಸು ಗೆದ್ದದ್ದು ಮೇಲ್ಭಾಗದ ಹೆಡರ್. ಒಳಗಿರುವುದು ಏನು, ಯಾವ ಯೂನಿಟ್, ಯಾರು ಮಾಡಿದರು, ಆಮೇಲೆ ಯಾರು ಯಾವತ್ತು ಏನು ತಿದ್ದಿದರು, ಎಲ್ಲವನ್ನೂ ಫೈಲು ತಾನೇ ಹೇಳಿಕೊಳ್ಳಬೇಕು. ಹೇಳದ ಫೈಲನ್ನು ಯಾರೂ ನಂಬುವುದಿಲ್ಲ. ನನಗೆ ಕಾನ್ವೆಂಟಿನ ನಮ್ಮ ಗಣಿತದ ಸಿಸ್ಟರ್ ನೆನಪಾದರು. ಉತ್ತರದ ಮುಂದೆ ಯೂನಿಟ್ ಬರೆಯದಿದ್ದರೆ ಕನ್ನಡಕ ಮೂಗಿನ ತುದಿಗೆ ಇಳಿಸಿ “ಟ್ವೆಲ್ವ್ ವಾಟ್, ಮೈ ಚೈಲ್ಡ್? ಟ್ವೆಲ್ವ್ ಬಫಲೋಸ್?” ಎಂದು ಕೇಳುತ್ತಿದ್ದರು. ಇಡೀ ಕ್ಲಾಸು ನಗುತ್ತಿತ್ತು, ಯೂನಿಟ್ ಮರೆತವಳನ್ನು ಬಿಟ್ಟು. ಆ ಹನ್ನೆರಡು ಎಮ್ಮೆಗಳ ಒಡತಿ ಬಹಳ ಸಲ ನಾನೇ.

ಮಾಡೆಲ್ಲಿನ ಹಳೆಯ ವರ್ಷಗಳ ಮಳೆ ಸರಿಯಿದೆಯೋ ಇಲ್ಲವೋ ನೋಡಲು ನೆಲದ ಮೇಲೆ ಖರೇ ಅಳೆದ ಮಳೆ ಬೇಕು. ನನ್ನ ರಿಜಿಸ್ಟರಿನ ಸುದ್ದಿ ಕೇಳಿ ಶಿಲ್ಪಾ ಕುಣಿದಾಡಿದಳು. ನಾನೂ ಒಳಗೊಳಗೇ ಕುಣಿದೆ. ಟ್ರಂಕಿನ ತಳದಿಂದ ನೋಟ್‌ಬುಕ್ಕುಗಳನ್ನು ತೆಗೆದು, ಧೂಳು ಒರೆಸಿ, ಪ್ರೈಜ್ ಕೊಡುವವಳಂತೆ ಕೊಟ್ಟೆ. ಹದಿನೈದು ದಿನ ಕೂತು ಎಲ್ಲ ಟೈಪ್ ಮಾಡಿದಳು. ಒಂದು ಸಂಜೆ ಇಳಿದು ಬಂದಾಗ ಮುಖ ಸಣ್ಣದಾಗಿತ್ತು.

“ಅಜ್ಜಿ, ಕಡೀ ನಾಲ್ಕ ವರ್ಷ ನಿಮ್ಮ ಮಳಿ ಅರ್ಧಕ್ಕಿಂತ ಕಮ್ಮಿ ಆಗೇತಿ.”

“ಆಗಿತ್ತಲ್ಲ ಮತ್ತ! ಮಳಿ ಹಿಂದ ಸರದಿತ್ತು.”

“ಮಾಡೆಲ್ಲಿನಾಗ ಹಂಗಿಲ್ರಿ.”

“ಹಂಗಾರ ನಿನ್ನ ಮಾಡೆಲ್ ತಪ್ಪು.”

“ಇರಬಹುದು. ಆದ್ರ ಆಜೂಬಾಜೂ ಊರಾಗ ಅಳದ ಮಳೀನೂ ಕಮ್ಮಿ ಆಗಿಲ್ಲ. ಐರಣಿ ಒಂದ ಊರ ಮ್ಯಾಲ ಮೋಡ ಸಿಟ್ಟಾಗಿತ್ತೇನ್ರಿ? ನಮ್ಮ ಗೈಡ್ ಆ ನಾಲ್ಕ ವರ್ಷ ತಗದ ಒಗಿ ಅಂತಾರ. ಗ್ಲಾಸ್ ಏನರ ಬದಲಾಗಿತ್ತ?”

“ನನಗ ಗೊತ್ತಿಲ್ಲ” ಅಂದು ಚಹಾದ ಕಪ್ಪು ಕೆಳಗಿಟ್ಟೆ. ಆ ನಾಲ್ಕು ವರ್ಷಗಳನ್ನು ಹಾಗೆ ತೆಗೆದು ಒಗೆಯಲು ಬರುವುದಿಲ್ಲ, ಯಾಕೆಂದರೆ ಅವುಗಳ ಮೇಲೆ ನಾವು ಬದುಕಿಬಿಟ್ಟಿದ್ದೆವು. ಆ ಅಂಕಿಗಳನ್ನು ಹಿಡಿದು ನಾನು ಲೇಡೀಸ್ ಕ್ಲಬ್ಬಿನಲ್ಲಿ ಚಾರ್ಟ್ ತೂಗುಹಾಕಿ ಭಾಷಣ ಮಾಡಿದ್ದೆ. ಅದು ಹೋಗಲಿ, ಅದಕ್ಕೆ ಬಿದ್ದದ್ದು ಚಪ್ಪಾಳೆ ಮಾತ್ರ. ಆದರೆ ನಮ್ಮವರೂ ಅದೇ ಅಂಕಿಗಳನ್ನು ನಂಬಿದರು. ಐರಣಿಯಿಂದ ಮೊಣಕಾಲುಮಟ ಕೆಸರು ಮಾಡಿಕೊಂಡು ಬಂದು, ಬಾಗಿಲಲ್ಲಿ ಕಾಲು ತೊಳೆಯುತ್ತಲೇ “ಏನ ಹೇಳ್ತದ ನಿನ್ನ ಬುಕ್ಕು?” ಅಂತ ಕೇಳುತ್ತಿದ್ದರು. ಕಾಲಿನ ಕೆಸರಿಗಿಂತ ನನ್ನ ಕರ್ಸಿವ್ ಮೇಲೆ ಅವರಿಗೆ ವಿಶ್ವಾಸ. ಮಳೆ ಕೈಕೊಟ್ಟಿತೆಂದು ನಾಲ್ಕನೆಯ ವರ್ಷ ಐರಣಿಯ ಕ್ರಾಸಿಂಗ್ ನಿಲ್ಲಿಸಿದರು. ಅದೊಂದೇ ಕಾರಣ ಅಲ್ಲ, ವಯಸ್ಸೂ ಆಗಿತ್ತು. ಆದರೆ ಹನ್ನೊಂದು ಹೆಣ್ಣುಮಕ್ಕಳಿಗೆ ಹೇಳಿದ ಕಾರಣ ಅದೊಂದೇ. ಕೆಲವರು ರಾಣೆಬೆನ್ನೂರಿಗೆ ಬೀಜ ಆರಿಸಲು ಬಂದರು, ಕೆಲವರು ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋದರು. ನಮ್ಮವರು ಈಗಿಲ್ಲ. ಕೇಳಬೇಕಾದವರು ಇನ್ನೊಬ್ಬರೇ ಉಳಿದಿದ್ದರು.

ಶಿಲ್ಪಾಳನ್ನು ಕರೆದುಕೊಂಡು ಐರಣಿಗೆ ಹೋದೆ. ಗಂಗವ್ವ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಅವರೆಕಾಳು ಕೇರುತ್ತಿದ್ದಳು. ಒಳಗೆ ಸೊಸೆ, ಮೊಮ್ಮಕ್ಕಳು, ಟಿವಿಯ ಗಲಾಟೆ. ನನ್ನನ್ನು ನೋಡಿ “ಅಯ್ಯ ಅವ್ವಾರ, ಇಷ್ಟ ಸಣ್ಣ ಆಗೀರಿ! ನಿಮ್ಮನ್ನ ಯಾರರ ಕೇರಿ ತೂರ್‍ಯಾರೇನು?” ಅಂದಳು. ನಕ್ಕೆವು. ಚಹಾ ಬಂತು. ನಾನು ಗ್ಲಾಸಿನ ಮಾತು ತೆಗೆದೆ.

“ಒಡದಿತ್ತಲ್ರಿ” ಅಂದಳು, ನಿನ್ನೆ ಮೊನ್ನೆಯದನ್ನು ಹೇಳುವ ಹಾಗೆ. “ಟೊಮ್ಯಾಟಿ ಬಿಟ್ಟು ಬೆಂಡಿ ಕ್ರಾಸಿಂಗ್ ಹಿಡದ್ವಿ ನೋಡ್ರಿ, ಆ ಮುಂಗಾರಿನಾಗ ಮಂಗ್ಯಾ ಬಂದು ಕೆಡವಿತು. ಸಾಹೇಬ್ರು ಹೊಸಾದು ಕೊಟ್ರು. ಅದರ ಗೀಟು ಅಗಲ ಇದ್ವು.”

“ಅದನ್ನ ನೀ ನನಗ ಹೇಳಬೇಕಿತ್ತಲ್ಲ, ಗಂಗವ್ವಾ.”

ಅವಳ ಕೈಯ ಮೊರ ನಿಂತಿತು. “ಹೇಳಿದ್ನೆಲ್ರಿ! ಹಳೇ ಗ್ಲಾಸಿನ ಬುಡ ಉಳದಿತ್ತು. ಅದರಾಗ ಐದ ಗೀಟ ನೀರ ಹಾಕಿ ಹೊಸಾದರಾಗ ಸುರುವಿದೆ. ಎರಡ ಗೀಟಿಗೆ ನಿಂತ್ತು. ಮರದಿನ ಫೋನಿನಾಗ, ‘ಅವ್ವಾರ, ಇದರ ಗೀಟ ಬ್ಯಾರೆ ಅದಾವು’ ಅಂದೆ. ನೀವು ‘ಎಷ್ಟ ಗೀಟು ಅಷ್ಟ ಹೇಳ ಗಂಗವ್ವ, ನನಗ ಸಾಲಿಗೆ ಲೇಟಾಗೇತಿ’ ಅಂದ್ರಿ. ಅದರ ಮರದಿನಾನೂ ಹೇಳಾಕ ಹೋದೆ. ‘ಎಷ್ಟ ಗೀಟು?’ ಅಂದ್ರಿ. ಆಮ್ಯಾಲ ಬಿಟ್ಟೆ. ಓದಿದವರು, ನಿಮಗ ಗೊತ್ತಿರತೈತಿ ಅಂತ.”

ಶಿಲ್ಪಾ ಪೆನ್ನು ತೆಗೆದು ಲೆಕ್ಕ ಹಾಕಿದಳು. ಆಮೇಲೆ ಮೆಲ್ಲಗೆ, “ಐದಕ್ಕ ಎರಡು. ಬರೋಬ್ಬರಿ ಅದ ಅಜ್ಜಿ. ಆ ನಾಲ್ಕ ವರ್ಷ ಎರಡೂವರಿಯಿಂದ ಗುಣಿಸಿದ್ರ ಮಳಿ ತಿರುಗಿ ಬರ್ತೈತಿ” ಅಂದಳು.

ನಾನು ಆ ಕಾಲದಲ್ಲಿ ಹೈಸ್ಕೂಲಿನ ಹುಡುಗಿಯರಿಗೆ ಇಂಗ್ಲಿಷ್ ಕಲಿಸುತ್ತಿದ್ದೆ. ಲಿಸನಿಂಗ್ ಕಾಂಪ್ರಿಹೆನ್ಶನ್, ಅಂದರೆ ಕಿವಿಗೊಟ್ಟು ಕೇಳಿ ತಿಳಿದುಕೊಳ್ಳುವ ಪಾಠಕ್ಕೆ ನಾನೇ ಹೆಸರುವಾಸಿ. ಇನ್ನು ಹೇಳದೆ ದಾರಿಯಿರಲಿಲ್ಲ. “ಗಂಗವ್ವಾ, ಆ ತಪ್ಪು ಲೆಕ್ಕ ನೋಡೇ ನಮ್ಮವರು ಪ್ಲಾಟ್ ಬಿಟ್ಟಿದ್ದು. ಮಳಿ ಕಮ್ಮಿ ಆಗಿರಲೇ ಇಲ್ಲ. ನಾ ಕಮ್ಮಿ ಬರದಿದ್ದೆ” ಅಂದೆ.

ಅವಳು ಕಾಳಿನಲ್ಲಿ ಬೆರಳಾಡಿಸಿದಳು. “ಮಳಿ ಕಮ್ಮಿ ಆತು ಅಂತ ಸಾವ್ಕಾರ್ರು ಅಂದಾಗ ನಾವೆಲ್ಲಾ ಮಾರಿ ಮಾರಿ ನೋಡಿಕೊಂಡ್ವಿರಿ. ಮೈಮ್ಯಾಲಿನ ಸೀರಿ ಹಸೀ ಇತ್ತು. ಇದು ನೆವ, ನಮ್ಮ ಕೈಕೆಲಸದಾಗ ಏನೋ ಐಬು ಕಂಡೈತಿ, ಮಾರಿಮ್ಯಾಲ ಹೇಳಾಕ ಒಲ್ರು ಅಂತ ತಿಳಕೊಂಡ್ವಿ. ಇಷ್ಟ ವರ್ಷ ಹಂಗ ತಿಳಕೊಂಡೇವಿ.”

ಇದನ್ನು ನಾನು ಎಣಿಸಿರಲಿಲ್ಲ. ಕೆಲಸ ಹೋಯಿತೆಂದು ಸಿಟ್ಟಾದಾಳು ಎಂದುಕೊಂಡಿದ್ದೆ. ಅವಳು ಹೊತ್ತದ್ದು ಸಿಟ್ಟಲ್ಲ, ಮಾಡದ ತಪ್ಪಿನ ನಾಚಿಕೆ.

“ನಿಮ್ಮ ಬೀಜದಾಗ ಒಂದ ದಿನ ಐಬು ಬಂದಿಲ್ಲ, ಗಂಗವ್ವಾ. ತಪ್ಪು ನಂದು.”

“ಆತು ಬಿಡ್ರಿ” ಅನ್ನಲಿಲ್ಲ ಅವಳು. ಕ್ಷಮಿಸಿದೆ ಎಂದೂ ಅನ್ನಲಿಲ್ಲ. “ಉಳದವರಿಗೂ ಹೇಳಬೇಕು” ಅಂದು ಮತ್ತೆ ಕೇರತೊಡಗಿದಳು.

ಊರಿಗೆ ಬಂದಮೇಲೆ ಶಿಲ್ಪಾ ಫೈಲು ತಿದ್ದಿದಳು. ಹೆಡರಿನ ಸಾಲುಗಳನ್ನು ನಾನೇ ಡಿಕ್ಟೇಟ್ ಮಾಡಿದೆ. ಅಳೆದವರು: ಗಂಗವ್ವ, ಐರಣಿ. ಗ್ಲಾಸು ಬದಲಾದದ್ದು ಇಂಥ ಮುಂಗಾರಿನಲ್ಲಿ, ಅಳೆದವರು ಆಗಲೇ ತಿಳಿಸಿದ್ದರು. ಬರೆದುಕೊಂಡವರು ಕೇಳಿಸಿಕೊಳ್ಳಲಿಲ್ಲ. ಶಿಲ್ಪಾ ಕೀಲಿಮಣೆಯ ಮೇಲೆ ಕೈ ತಡೆದು “ಕಡೀದು ಬೇಕೇನ್ರಿ ಅಜ್ಜಿ? ಸೈನ್ಸಿಗೆ ಅದು ಬೇಕಾಗಿಲ್ಲ” ಅಂದಳು. ನನಗೆ ಬೇಕು ಅಂದೆ. ನಾಲ್ಕು ವರ್ಷ ಉಳಿದವು. ಗೈಡ್ ಸಾಹೇಬರೂ ಒಪ್ಪಿದರು. ಅವರ ಮಾಡೆಲ್ಲಿನ ಮಳೆಗೂ ಗಂಗವ್ವನ ಮಳೆಗೂ ಈಗ ಹೊಂದಾಣಿಕೆ ಇದೆಯಂತೆ. ಅಲ್ಲಲ್ಲಿ ಮಾಡೆಲ್ಲು ಸ್ವಲ್ಪ ಹೆಚ್ಚು ತುಂತುರು ಉದುರಿಸುತ್ತದಂತೆ. ಇರಲಿ, ಅದಿನ್ನೂ ಕಲಿಯುವ ಹುಡುಗಿ.

ಈ ಸುದ್ದಿ ಹೇಳಲು ಮತ್ತೆ ಐರಣಿಗೆ ಹೋದೆ, ಈ ಸಲ ಒಬ್ಬಳೇ, ಬಸ್ಸಿನಲ್ಲಿ. ಹೆಡರನ್ನು ಪ್ರಿಂಟ್ ಮಾಡಿಸಿ ಒಯ್ದಿದ್ದೆ, ಓದಿ ಹೇಳಿದೆ. ಹಿಗ್ಗುತ್ತಾಳೆ ಎಂದುಕೊಂಡರೆ ಗಂಗವ್ವ ಹುಬ್ಬು ಗಂಟಿಕ್ಕಿದಳು.

“ನಂದೊಂದ ಹೆಸರು ಹಾಕೀರೇನು? ನಾ ತವರಮನಿಗೆ ಹೋದಾಗೆಲ್ಲಾ ನಮ್ಮ ಫಕೀರವ್ವ ನೋಡ್ತಿದ್ಲಲ್ರಿ. ಫೋನಿನಾಗ ನನ್ನಂಗ ಒದರತಿದ್ಲು, ನಿಮಗ ಗೊತ್ತಾಗಿಲ್ಲ.”

ಗೊತ್ತಾಗಿರಲಿಲ್ಲ. “ಫಕೀರವ್ವ ಈಗ ಎಲ್ಲಿ ಅದಾಳ?”

“ಹೋಗಿ ಮೂರ ವರ್ಷ ಆತ್ರಿ. ಸತ್ತವರ ಹೆಸರ ಹಾಕಾಕ ಬರೂದಿಲ್ಲೇನು ಅದರಾಗ?”

“ಬರ್ತೈತಿ” ಅಂದೆ. ಪರ್ಸಿನಿಂದ ಪೆನ್ನು ತೆಗೆದು ಅವಳ ಎದುರಿಗೇ ಕಾಗದದ ಮೇಲೆ ಬರೆದುಕೊಂಡೆ. ಬರೆದದ್ದನ್ನು ಓದಿ ತೋರಿಸು ಅಂದಳು. ಓದಿದೆ. ಇನ್ನೊಂದು ಸಲ ಓದಿಸಿದಳು. ಆಮೇಲೆ ತಲೆಯಾಡಿಸಿದಳು.

ಅಷ್ಟರಲ್ಲಿ ಹೊಳೆ ಕಡೆಯಿಂದ ಮಳೆ ಬಂತು, ಹೆಂಚಿನ ಮೇಲೆ ದಡದಡ. ದೂರದಲ್ಲಿ ನನ್ನ ಬಸ್ಸು ಹಾರ್ನ್ ಹೊಡೆಯಿತು. ಅದೇ ಕಡೆಯ ಬಸ್ಸಲ್ಲ, ಆದರೂ ನಾನು ರೂಢಿಯಂತೆ ಎದ್ದು ನಿಂತು ಚಪ್ಪಲಿ ಹುಡುಕಿದೆ. ಗಂಗವ್ವ ಅದೇ ಆಗ ಹೂ ಕ್ರಾಸಿಂಗಿನ ಏನೋ ಒಂದು ಮಾತು ಶುರು ಮಾಡಿದ್ದಳು. ನಡುವೆ ನಿಲ್ಲಿಸಿ, ಸೆರಗು ತಲೆಯ ಮೇಲೆ ಎಳೆದುಕೊಂಡು ಬಾಗಿಲಿಗೆ ಹೋಗಿ, ಮಳೆಯ ಜೋರು ಇಳಿಯಿತೋ ಇಲ್ಲವೋ ನೋಡಲು ಸೂರಿನ ಕೆಳಗೆ ಅಂಗೈ ಚಾಚಿದಳು. ದಸರೆಯೊಳಗೆ ಅವಳು ತೀರಿಕೊಂಡಳು. ಹೀಗಾಗಿ ನಾನು ಅವಳನ್ನು ಕಡೆಯ ಸಲ ನೋಡಿದ್ದು ಅವತ್ತೇ.

“ಇನ್ನೂ ಐತಿ. ನಿಮಗ ಅವಸರ ಇದ್ರ ಹೋಗ್ರಿ, ಇಲ್ಲಂದ್ರ ಕುಂದ್ರಿ, ಹೇಳ್ತೇನಿ” ಅಂದಳು.

ಬಸ್ಸು ಹೋದ ಸಪ್ಪಳ ಕೇಳಿಸಿತು. ನಾನು ಕುಳಿತೆ.